ಯುದ್ಧ ಬಿಟ್ಟರೂ ನೇಯ್ಗೆ ಬಿಡಲಿಲ್ಲ: ಸರಪಳಿ ಅಂಗಿ ನಡೆದು ಬಂದ ದಾರಿ

ಸರಪಳಿ ಅಂಗಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಇಂಗ್ಲಿಷ್ ಸಿನಿಮಾದ ಕುದುರೆ ಸವಾರ. ಸಾವಿರಾರು ಪುಟ್ಟ ಲೋಹದ ಉಂಗುರಗಳನ್ನು ಒಂದರೊಳಗೊಂದು ಕೋದು ಮೈಗೆ ತೊಡುವಂತೆ ಮಾಡಿದ ಈ ಕವಚವನ್ನು ಅಮೆರಿಕ, ಯುರೋಪುಗಳಲ್ಲಿ ಬಹಳ ಜನ ಇಂದು ಹವ್ಯಾಸಕ್ಕೆಂದು ಮನೆಯಲ್ಲೇ ಕೂತು ಹೆಣೆಯುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಸೀಮೆಯಲ್ಲಿ ಅದರ ಮಾತೆತ್ತಿದರೆ ‘ಅದು ಅವರ ಚರಿತ್ರೆ, ಅವರ ಆಟ, ನಮಗೇನು ನಂಟು?’ ಎಂದು ಯಾರಾದರೂ ಕೇಳುವುದು ಸಹಜ. ನಂಟು ಇದೆ, ಅದೂ ಹತ್ತಿರದ್ದೇ. ಸರಪಳಿ ಅಂಗಿಯನ್ನು ಆಯುಧಗಳ ಸಾಲಿಗೆ ಸೇರಿಸಿ ನೋಡುವ ರೂಢಿಯಿಂದ ಆ ನಂಟು ಕಾಣುತ್ತಿಲ್ಲ, ಅಷ್ಟೆ. ಈ ಕಲೆಯನ್ನು ಉಡುಪಿನ ಚರಿತ್ರೆಯ ಭಾಗವಾಗಿ ಓದಿದರೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಯುದ್ಧ ಇದನ್ನು ಕೈಬಿಟ್ಟ ಮೇಲೂ ಇದು ಏಕೆ ಸಾಯಲಿಲ್ಲ ಎಂಬುದು ಒಂದು. ಇಂದಿನ ಹವ್ಯಾಸಿ ಮಾಡುತ್ತಿರುವುದಕ್ಕೆ ನಮ್ಮ ದೇಶದಲ್ಲೇ ಹಳೆಯ ಮಾದರಿ ಇದೆ ಎಂಬುದು ಇನ್ನೊಂದು.

ಮೊದಲು ಕೆಲಸದ ರೀತಿ ತಿಳಿಯಬೇಕು, ಏಕೆಂದರೆ ವಾದವೆಲ್ಲ ನಿಂತಿರುವುದು ಅದರ ಮೇಲೆ. ಬೇಲಿಗೆ ಬಳಸುವ 16 ಗೇಜಿನ ಜಿ.ಐ. ತಂತಿಯ ದಪ್ಪ ಸುಮಾರು 1.6 ಮಿ.ಮೀ. ಅದನ್ನು 8 ಮಿ.ಮೀ. ಸರಳಿಗೆ ಒತ್ತಾಗಿ ಸುತ್ತಿದರೆ ಸ್ಪ್ರಿಂಗಿನಂಥ ಸುರುಳಿ ಬರುತ್ತದೆ. ಸುರುಳಿಯ ಉದ್ದಕ್ಕೂ ಕತ್ತರಿಸಿದರೆ ಉಂಗುರಗಳು ಉದುರುತ್ತವೆ. ಎರಡು ಇಕ್ಕಳ ಹಿಡಿದು ಉಂಗುರದ ಬಾಯನ್ನು ಪಕ್ಕಕ್ಕೆ ತಿರುಚಿ ತೆರೆಯಬೇಕು. ಹೊರಕ್ಕೆ ಎಳೆದು ತೆರೆದರೆ ಅದು ಮತ್ತೆ ದುಂಡಗಾಗುವುದಿಲ್ಲ. ತೆರೆದ ಉಂಗುರವನ್ನು ನಾಲ್ಕು ಉಂಗುರಗಳ ಮೂಲಕ ಹಾಯಿಸಿ ಬಾಯಿ ಮುಚ್ಚಿದರೆ ಲೋಕದಲ್ಲೆಲ್ಲ ಹೆಚ್ಚು ಬಳಕೆಯಲ್ಲಿರುವ ‘ನಾಲ್ಕಕ್ಕೊಂದು’ ಹೆಣಿಗೆ ಆರಂಭವಾಯಿತು. ಒಳವ್ಯಾಸವನ್ನು ತಂತಿಯ ದಪ್ಪದಿಂದ ಭಾಗಿಸಿದರೆ ಇಲ್ಲಿ ಐದು ಬರುತ್ತದೆ. ಯಾವ ಹೆಣಿಗೆ ಬಿಗಿಯಾಗುತ್ತದೆ, ಯಾವುದು ಸಡಿಲವಾಗುತ್ತದೆ, ಯಾವುದು ಸಾಧ್ಯವೇ ಇಲ್ಲ ಎಂಬುದನ್ನೆಲ್ಲ ತೀರ್ಮಾನಿಸುವುದು ಈ ಒಂದು ಅನುಪಾತ. ಹೀಗೆ ಮಾಡಿದ ಉಕ್ಕಿನ ಉಂಗುರ ಅರ್ಧ ಗ್ರಾಮಿಗೆ ತುಸು ಕಡಿಮೆ ತೂಗುತ್ತದೆ. ಒಂದು ಅಂಗಿಗೆ ಇಪ್ಪತ್ತು ಸಾವಿರ ಉಂಗುರ ಹಿಡಿದರೆ ಒಂಬತ್ತರಿಂದ ಹತ್ತು ಕಿಲೋ ಆಯಿತು. ಅದೇ ಅಳತೆಯ ಅಲ್ಯೂಮಿನಿಯಂ ಅಂಗಿ ಮೂರೂಕಾಲು ಕಿಲೋ ಸುತ್ತಮುತ್ತ ನಿಲ್ಲುತ್ತದೆ. ಇದು ಹವ್ಯಾಸಿಯ ವಿಧಾನ. ಯುದ್ಧದ ಅಂಗಿಯಲ್ಲಿ ಇನ್ನೊಂದು ಹಂತವಿತ್ತು. ಉಂಗುರದ ಎರಡು ತುದಿಗಳನ್ನು ಒಂದರ ಮೇಲೊಂದು ತಂದು, ಬಡಿದು ಚಪ್ಪಟೆ ಮಾಡಿ, ತೂತು ಕೊರೆದು, ಸಾಸಿವೆಯಷ್ಟು ಮೊಳೆಯಿಂದ ಬೆಸೆಯುತ್ತಿದ್ದರು. ಮೊಳೆಯಿಲ್ಲದ ಉಂಗುರ ಈಟಿಯ ಮೊನೆಗೆ ಬಾಯಿ ಬಿಡುತ್ತದೆ. ಮೊಳೆ ಹೊಡೆದದ್ದು ತಡೆಯುತ್ತದೆ. ಹೆಣಿಗೆ ಬಟ್ಟೆಯ ಗುಣ ಕೊಟ್ಟರೆ ಮೊಳೆ ಕವಚದ ಗುಣ ಕೊಟ್ಟಿತು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಮುಂದಿನ ಚರಿತ್ರೆ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ.

ಈ ಕಲೆಯ ಅತಿ ಹಳೆಯ ಕುರುಹುಗಳು ಯುರೋಪಿನ ಕೆಲ್ಟ್ ಜನರ ಸಮಾಧಿಗಳಲ್ಲಿವೆ. ರುಮೇನಿಯಾದ ಚುಮೆಷ್ಟ್ ಎಂಬಲ್ಲಿ ಸಿಕ್ಕ ತುಂಡುಗಳು ಕ್ರಿ.ಪೂ. 3ನೆಯ ಶತಮಾನದ ಸುಮಾರಿನವು. ರೋಮಿನ ವಿದ್ವಾಂಸ ವಾರೋ ಕೂಡ ಇದು ಗಾಲ್ ಎಂಬ ಕೆಲ್ಟ್ ಜನರಿಂದ ಬಂದದ್ದೆಂದು ಬರೆದಿದ್ದಾನೆ. ರೋಮನ್ ಸೇನೆ, ಇರಾನ್, ಮಧ್ಯ ಏಷ್ಯಾಗಳನ್ನು ಹಾದು ಇದು ಹರಡಿತು. ಸುಲ್ತಾನರ ಸೇನೆಗಳ ಕಾಲಕ್ಕೆ ದಖ್ಖನ್ನಿನಲ್ಲೂ ಬೇರೂರಿತು. ಆದರೆ ನಮ್ಮ ಬಿಸಿಲಿನಲ್ಲಿ ಇದಕ್ಕೆ ಪೈಪೋಟಿ ಕೊಡುವ ಪದ್ಧತಿಗಳು ಆಗಲೇ ಇದ್ದವು. ಊರೂರಿನ ವೀರಗಲ್ಲುಗಳಲ್ಲಿ ಹೋರಾಡುವ ವೀರರು ಬಹುಪಾಲು ಬರಿಮೈಯಲ್ಲೇ ಕಾಣುತ್ತಾರೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಮಹಾನವಮಿಯ ಹೊತ್ತಿಗೆ ಕಂಡ ಸವಾರರ ಉಡುಪನ್ನು ವಿವರವಾಗಿ ಬಣ್ಣಿಸಿದ್ದಾನೆ: ಹೊರಗೆ ರೇಷ್ಮೆ, ಮಖಮಲ್ಲು, ಒಳಗೆ ಪದರ ಪದರ ಗಟ್ಟಿ ತೊಗಲು, ಅದಕ್ಕೆ ಬಲ ಕೊಡಲು ಕಬ್ಬಿಣದ ತಗಡು. ಅಂದರೆ ಹಂಪಿಯ ಸವಾರನಿಗೆ ಕವಚವೂ ಉಡುಪೇ ಆಗಿತ್ತು, ಮೆರವಣಿಗೆಗೆ ಒಪ್ಪುವ ಉಡುಪು. ಅದನ್ನು ಸಿದ್ಧಮಾಡಲು ಹೊಲಿಗೆಯವನು, ಚಮ್ಮಾರ, ಕಮ್ಮಾರ ಮೂವರೂ ಬೇಕಿತ್ತು.

ದಖ್ಖನ್ನಿನ ಉಂಗುರಗೆಲಸಕ್ಕೆ ಗಟ್ಟಿ ಸಾಕ್ಷ್ಯ ಸಿಗುವುದು ಆದವಾನಿಯಿಂದ. ಆದವಾನಿ ಈಗ ಆಂಧ್ರಕ್ಕೆ ಸೇರಿದೆ. ಆದರೆ 1953ರ ಅಕ್ಟೋಬರ್ 1ರವರೆಗೆ ಅದೂ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೂ ಒಂದೇ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ವಿಜಯನಗರದ ಕೈಯಲ್ಲಿದ್ದ ಆದವಾನಿ ಕೋಟೆ ಆಮೇಲೆ ಬಿಜಾಪುರದ ಆದಿಲಶಾಹಿಗೆ ಸೇರಿತು. 1686ರಲ್ಲಿ ಬಿಜಾಪುರ ಔರಂಗಜೇಬನಿಗೆ ಶರಣಾದ ಎರಡು ಮೂರು ವರ್ಷಗಳಲ್ಲಿ ಆದವಾನಿಯೂ ಮೊಗಲರ ವಶವಾಯಿತು. ಮೊಗಲರ ಪರ ದಂಡೆತ್ತಿ ಬಂದಿದ್ದ ಬಿಕಾನೇರಿನ ಅನೂಪ್ ಸಿಂಗ್ ಅಲ್ಲಿನ ಆಯುಧಾಗಾರದ ವಸ್ತುಗಳನ್ನು ತನ್ನ ಊರಿಗೆ ಸಾಗಿಸಿದ. ಬಿಕಾನೇರಿನ ಅನೇಕ ಕತ್ತಿ, ಕಠಾರಿ, ಕವಚಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ನಾಗರಿ ಅಕ್ಷರಗಳಲ್ಲಿ ಆದವಾನಿಯ ಹೆಸರಿದೆ. ಅವುಗಳಲ್ಲಿ ಕೆಲವು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿದಂತೆ ಹೊರದೇಶದ ಸಂಗ್ರಹಗಳಲ್ಲಿವೆ. ಕವಚಗಳ ಎದೆಭಾಗದಲ್ಲಿ ಉಂಗುರಗಳ ನಡುವೆ ತಗಡುಗಳ ಸಾಲು ಕೂಡಿಸಿರುತ್ತಾರೆ. ತೋಳು, ಬೆನ್ನು, ಮೊಣಕಾಲಿನತ್ತ ಇಳಿಯುವ ಅಂಚು ಬರಿಯ ಹೆಣಿಗೆ. ಮೈ ಬಾಗಬೇಕಾದ ಕಡೆ ಬಟ್ಟೆ, ಏಟು ಬೀಳುವ ಕಡೆ ತಗಡು ಎಂಬ ಈ ಲೆಕ್ಕಾಚಾರ ಪಾಯಸ್ ಕಂಡ ಅಂಗಿಯದ್ದೇ ಮುಂದುವರಿಕೆ. ಹಂಪಿಯ ಸೀಮೆಗೆ ಇಷ್ಟು ಸಮೀಪ ಬಳಕೆಯಲ್ಲಿದ್ದ ವಸ್ತುವನ್ನು ಪರಕೀಯವೆಂದು ತಳ್ಳಿಹಾಕುವುದು ಹೇಗೆ?

ಬಂದೂಕು ಬಲವಾದಂತೆ ಕವಚಕ್ಕೆ ಬೆಲೆ ಕಡಿಮೆಯಾಯಿತು. ಆದರೆ ಭಾರತದಲ್ಲಿ ಉಂಗುರದ ಅಂಗಿ ಆಗಲೂ ಮೂಲೆ ಸೇರಲಿಲ್ಲ. 18, 19ನೆಯ ಶತಮಾನಗಳ ಅನೇಕ ಅಂಗಿಗಳಲ್ಲಿ ಮೊಳೆ ಮಾಯವಾಗಿದೆ. ಉಂಗುರದ ತುದಿಗಳನ್ನು ಬರಿದೆ ಎದುರುಬದುರು ತಂದು ಮುಚ್ಚಿದ್ದಾರೆ. ಬದಲಿಗೆ ಉಂಗುರಗಳು ಸಣ್ಣದಾಗಿವೆ, ಕಬ್ಬಿಣದ ನಡುವೆ ಹಿತ್ತಾಳೆ, ತಾಮ್ರದ ಉಂಗುರಗಳು ಬಂದು ಚೌಕುಳಿ, ಓರೆಗೆರೆಗಳ ಚಿತ್ತಾರ ಮೂಡಿದೆ. ಈ ಅಂಗಿಗಳು ಅಷ್ಟೇನೂ ಏಟು ತಡೆಯುವುದಿಲ್ಲ. ದರ್ಬಾರು, ಮೆರವಣಿಗೆಗಳಲ್ಲಿ ಮೈಮೇಲೆ ಹೊಳೆಯುತ್ತವೆ. ಆಯುಧ ಸಂಗ್ರಾಹಕರು ಇವುಗಳನ್ನು ಇಳಿಗಾಲದ ಕುರುಹು ಎಂದು ಹಳಿಯುವುದುಂಟು. ಯುದ್ಧದ ಅಳತೆಗೋಲು ಹಿಡಿದರೆ ಆ ಮಾತು ನಿಜ. ನೇಯ್ಗೆಯ ಅಳತೆಗೋಲು ಹಿಡಿದರೆ ಇದು ಏಳಿಗೆ. ಮೊಳೆಯ ಹೊರೆ ಇಳಿದ ಮೇಲೆಯೇ ಕುಶಲಕರ್ಮಿಯ ಗಮನ ಬಣ್ಣಕ್ಕೂ ವಿನ್ಯಾಸಕ್ಕೂ ಹರಿಯಿತು. ಇಂದು ಹವ್ಯಾಸಿ ಮೊಳೆ ಬಿಟ್ಟು, ಬಣ್ಣದ ಅಲ್ಯೂಮಿನಿಯಂ ಹಿಡಿದು ಮಾಡುತ್ತಿರುವುದೂ ಇದನ್ನೇ. ಆ ತಿರುವನ್ನು ಮೊದಲೇ ತೆಗೆದುಕೊಂಡವರಲ್ಲಿ ನಮ್ಮ ಕಸುಬುದಾರರೂ ಇದ್ದರು.

ಯುರೋಪಿನಲ್ಲಿ ಈ ವಿದ್ಯೆ ಮರಳಿ ಬಂದದ್ದು ಪುಸ್ತಕದ ದಾರಿಯಿಂದ. 1824ರಲ್ಲಿ ಸ್ಯಾಮ್ಯುಯೆಲ್ ರಶ್ ಮೇರಿಕ್ ಹಳೆಯ ಚಿತ್ರ, ಶಿಲ್ಪಗಳನ್ನು ನೋಡಿ ಉಂಗುರದ ಕವಚದಲ್ಲಿ ಹತ್ತಾರು ಬಗೆಗಳಿದ್ದವೆಂದು ವಿಂಗಡಿಸಿದ. ಅವುಗಳಲ್ಲಿ ಬಹಳಷ್ಟು, ಚಿತ್ರಕಾರರು ಒಂದೇ ಹೆಣಿಗೆಯನ್ನು ಬೇರೆ ಬೇರೆ ರೀತಿ ಬರೆದದ್ದರಿಂದ ಹುಟ್ಟಿದ ಭ್ರಮೆ ಎಂದು ಆಮೇಲೆ ತಿಳಿಯಿತು. 1953ರಲ್ಲಿ ಇ. ಮಾರ್ಟಿನ್ ಬರ್ಜೆಸ್ ಪ್ರಕಟಿಸಿದ ಲೇಖನಗಳು ಇನ್ನೊಂದು ಬಾಗಿಲು ತೆರೆದವು. ಅವನು ಹಳೆಯ ಅಂಗಿಗಳನ್ನು ಉಂಗುರ ಉಂಗುರವಾಗಿ ಪರೀಕ್ಷಿಸಿ, ಸಾಲು ಎಲ್ಲಿ ಹೆಚ್ಚಿಸಿದ್ದಾರೆ, ಎಲ್ಲಿ ಇಳಿಸಿದ್ದಾರೆ, ಕಂಕುಳಿಗೆ ಹೇಗೆ ಸಡಿಲ ಕೊಟ್ಟಿದ್ದಾರೆ ಎಂದು ದರ್ಜಿಯ ಕಣ್ಣಿನಿಂದ ಓದಿದ. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹುಟ್ಟಿದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ ಮಧ್ಯಯುಗವನ್ನು ಆಡಿ ತೋರಿಸುವ ಜನರನ್ನು ಒಟ್ಟುಗೂಡಿಸಿತು. ತಂತಿ ಸುತ್ತಿ ಅಂಗಿ ಹೆಣೆಯುವುದು ಆ ವಲಯದಲ್ಲಿ ಬೆಳೆದ ಹವ್ಯಾಸ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಪಾಕೊ ರಬಾನ್ ಪ್ಲಾಸ್ಟಿಕ್, ಲೋಹದ ಬಿಲ್ಲೆಗಳನ್ನು ಉಂಗುರಗಳಿಂದ ಕೂಡಿಸಿದ ಹನ್ನೆರಡು ಉಡುಪುಗಳನ್ನು ಪ್ರದರ್ಶಿಸಿದ. ಸಿನಿಮಾದವರು ಬಹುಕಾಲ ದಪ್ಪ ನೂಲು ಹೆಣೆದು ಬೆಳ್ಳಿಬಣ್ಣ ಬಳಿದು ಕೆಲಸ ಸಾಗಿಸಿದ್ದರು. ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳಿಗೆ ನ್ಯೂಜಿಲೆಂಡಿನ ವೇಟಾ ವರ್ಕ್‌ಶಾಪ್ ಪಿ.ವಿ.ಸಿ. ಪೈಪಿನಿಂದ ಕತ್ತರಿಸಿದ ಒಂದು ಕೋಟಿಗೂ ಹೆಚ್ಚು ಉಂಗುರಗಳನ್ನು ಕೈಯಲ್ಲೇ ಕೂಡಿಸಿತು.

ಯಂತ್ರವೇ ಬಲೆ ನೇಯುವ ಕಾಲದಲ್ಲಿ ಕೈಯಲ್ಲಿ ಉಂಗುರ ಕೂಡಿಸುವುದು ಹೊತ್ತು ಹಾಳು ಎಂಬ ಆಕ್ಷೇಪಕ್ಕೆ ಹುರುಳಿದೆ. ಕಸಾಯಿ ಕೆಲಸದವರು ತೊಡುವ ಸ್ಟೀಲ್ ಕೈಗವಸು, 1980ರ ಸುಮಾರಿಗೆ ಮುಳುಗುಗಾರರು ಪರೀಕ್ಷಿಸಿದ ಶಾರ್ಕ್ ನಿರೋಧಕ ಉಡುಪು ಇವುಗಳಲ್ಲಿ ಉಂಗುರವನ್ನು ಬೆಸುಗೆ ಹಾಕಿಯೇ ಮುಚ್ಚುತ್ತಾರೆ. ಅಲ್ಲಿ ಹವ್ಯಾಸಿಯ ಇಕ್ಕಳಕ್ಕೆ ಜಾಗವಿಲ್ಲ. ಆದರೆ ಯಂತ್ರ ಬಲೆಯನ್ನು ಥಾನಿನಂತೆ ಕೊಡುತ್ತದೆ. ಭುಜದ ಇಳಿಜಾರು, ತೋಳಿನ ಬುಡ, ಕೊರಳಿನ ಸುತ್ತು ಮೂಡಿಸಲು ನಡುವೆ ಸಾಲು ಸೇರಿಸುವ, ತೆಗೆಯುವ ಕೆಲಸ ಈಗಲೂ ಕೈಯದೇ. ಇನ್ನೊಂದು ಮಾತೂ ಇದೆ. ಹೆಣಿಗೆಯ ಬಗ್ಗೆ ಕೈ ಕಲಿತದ್ದು ಈಗ ಪ್ರಯೋಗಾಲಯಕ್ಕೂ ಬೇಕಾಗಿದೆ. 2017ರಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ತ್ರಿ-ಡಿ ಮುದ್ರಣದಿಂದ ಲೋಹದ ‘ಬಟ್ಟೆ’ ತಯಾರಿಸಿ ತೋರಿಸಿತು. 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕ್ಯಾಲ್ಟೆಕ್ ಮತ್ತು ಸಿಂಗಪುರದ ವಿಜ್ಞಾನಿಗಳು, ಒಂದರೊಳಗೊಂದು ಕೊಂಡಿ ಹಾಕಿಕೊಂಡ ಅಷ್ಟಮುಖಿಗಳ ಬಲೆಯೊಂದು ಒತ್ತಡ ಬಿದ್ದಾಗ ತನ್ನ ಸಡಿಲ ಸ್ಥಿತಿಗಿಂತ ಇಪ್ಪತ್ತೈದು ಪಟ್ಟು ಬಿಗಿಯಾಗುತ್ತದೆ ಎಂದು ತೋರಿಸಿದರು. ಮೆತ್ತಗಿದ್ದೂ ಬೇಕಾದಾಗ ಗಟ್ಟಿಯಾಗುವ ಈ ಗುಣವೇ ಕವಚದಿಂದ ಉಡುಪಿಗೆ, ಉಡುಪಿನಿಂದ ಪ್ರಯೋಗಾಲಯಕ್ಕೆ ದಾಟಿಕೊಂಡ ಅಸಲು ಬಂಡವಾಳ.

ಮೊಳೆಯಿಲ್ಲದ್ದು ಅಸಲಿಯಲ್ಲ ಎನ್ನುವವರು ಹವ್ಯಾಸಿಗಳಲ್ಲೇ ಇದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ: ಆದವಾನಿಯ ಯೋಧನ ಅಂಗಿಯನ್ನು ಅರಿಯಬೇಕಾದರೆ ಮೊಳೆ ಹೊಡೆದೇ ನೋಡಬೇಕು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಸರಪಳಿ ಹರಿಯುವ ಪವಾಡ ಕಂಡವರಿಗೆ ಕೊಂಡಿಯ ಬಲವೆಲ್ಲ ಅದರ ಕೂಡಿಕೆಯಲ್ಲಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಸಲಿತನಕ್ಕೆ ಯುದ್ಧವೊಂದೇ ಒರೆಗಲ್ಲಾದರೆ ಹಿತ್ತಾಳೆ ಚಿತ್ತಾರದ ಇಡೀ ಭಾರತೀಯ ಪರಂಪರೆಯೇ ನಕಲಿಯಾಗುತ್ತದೆ. ಇನ್ನು, ಈ ಹವ್ಯಾಸ ನಮ್ಮ ದೇಶಕ್ಕೆ ಹೊಸದು ಎನ್ನುವವರು ಮಾರುಕಟ್ಟೆಯನ್ನು ನೋಡಬೇಕು. 1943ರಲ್ಲಿ ಶುರುವಾದ ಡೆಹ್ರಾಡೂನಿನ ವಿಂಡ್ಲಾಸ್ ಸ್ಟೀಲ್‌ಕ್ರಾಫ್ಟ್ಸ್‌ನಂಥ ಸಂಸ್ಥೆಗಳು ಪಾಶ್ಚಾತ್ಯ ಹವ್ಯಾಸಿಗಳಿಗೆ ಕತ್ತಿ, ಕವಚ, ಸರಪಳಿ ಅಂಗಿ ರಫ್ತು ಮಾಡುತ್ತಿವೆ. ಅವರು ತೊಡುವ ಎಷ್ಟೋ ಅಂಗಿಗಳ ಉಂಗುರ ಕೂಡಿಸಿದ್ದು ಭಾರತದ ಬೆರಳುಗಳು. ದುಡಿಮೆಯಾಗಿ ಇಲ್ಲಿದೆ, ಬಿಡುವಿನ ಸಂತೋಷವಾಗಿ ಅಲ್ಲಿದೆ, ಕೊರತೆಯಿರುವುದು ಕೌಶಲದಲ್ಲಲ್ಲ.

ಕೂಡ್ಲಿಗಿ ಸೀಮೆಯಲ್ಲಿ ಬಿಡುವಿನ ಹೊತ್ತಿನಲ್ಲಿ ಭಾರದ ಉಡುಪು ತಯಾರಿಸುವ ಸಂಸ್ಕೃತಿ ಮೊದಲಿಂದಲೂ ಇದೆ. ತಾಂಡಾಗಳ ಲಂಬಾಣಿ ಹೆಂಗಸರು ತಮ್ಮ ಫೇಟ್ಯಾ, ಕಾಂಚಳಿಗಳಿಗೆ ಕನ್ನಡಿ, ಕವಡೆ, ನಾಣ್ಯ, ಲೋಹದ ಗುಂಡುಗಳನ್ನು ಕೂಡಿಸಿ ಹೊಲಿದರು. ಮೊಗಲರ ದಕ್ಷಿಣದ ದಂಡುಗಳಿಗೆ ಎತ್ತುಗಳ ಮೇಲೆ ದವಸ ಹೊತ್ತವರಲ್ಲಿ ಬಂಜಾರರು, ಅಂದರೆ ಲಂಬಾಣಿಗಳೂ ಇದ್ದರು. ಆದವಾನಿಯ ಕವಚಗಳನ್ನು ಉತ್ತರಕ್ಕೆ ಒಯ್ದದ್ದು ಅಂಥದೇ ಒಂದು ದಂಡು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ತನಗೆಂದು ಮಾಡಿಕೊಂಡ ಉಡುಪು ಮಾರುಕಟ್ಟೆಯ ಕಲೆಯಾಗಿ ಬೆಳೆಯಬಲ್ಲದು ಎಂಬುದಕ್ಕೆ ಇದು ಕಣ್ಣೆದುರಿನ ಉದಾಹರಣೆ. ಇದೇ ಉದಾಹರಣೆಯಲ್ಲಿ ಎಚ್ಚರಿಕೆಯೂ ಇದೆ: ಆರ್ಡರು ಬಂದಷ್ಟೂ ಕೈ ಬೇಗ ಓಡಬೇಕಾಗುತ್ತದೆ, ವಿನ್ಯಾಸ ಗಿರಾಕಿ ಹೇಳಿದ್ದಾಗುತ್ತದೆ. ಉಂಗುರಗೆಲಸ ಇಲ್ಲಿ ಚಿಗುರುವುದಾದರೆ ಮೊದಲು ಹವ್ಯಾಸವಾಗಿಯೇ ಚಿಗುರಲಿ. ಬಯಲಾಟದ ವೇಷಗಳಿಗೆ ಹಗುರ ಅಲ್ಯೂಮಿನಿಯಂ ಹೆಣಿಗೆ ಒಪ್ಪುತ್ತದೆ. ಅಕ್ಕಸಾಲಿಗರ ಕಂಬಚ್ಚು ತಂತಿ ಎಳೆಯುವ ವಿದ್ಯೆಯನ್ನು ಇನ್ನೂ ಉಳಿಸಿಕೊಂಡಿದೆ.

ಇಲ್ಲಿ ಹವ್ಯಾಸಿಗೆ ಕಾದಿರುವ ದೊಡ್ಡ ಕೆಲಸ ಬೇರೆಯೇ. ಯುರೋಪಿನ ಅಂಗಿಗಳಿಗೆ ಬರ್ಜೆಸ್ ಮಾಡಿದ ಓದನ್ನು ದಖ್ಖನ್ನಿನ ಅಂಗಿಗಳಿಗೂ ಮಾಡಬೇಕು: ಮೊಳೆ ಗುಂಡಗಿದೆಯೋ ಚಪ್ಪಟೆಯೋ, ಮೊಳೆ ಹೊಡೆದ ಸಾಲಿನ ಪಕ್ಕ ಇಡಿಯಾದ ಉಂಗುರಗಳ ಸಾಲಿದೆಯೋ, ತೇಪೆ ಎಲ್ಲಿ ಬಿದ್ದಿದೆ, ತೋಳನ್ನು ಹೇಗೆ ಕೂಡಿಸಿದ್ದಾರೆ. ಇಂಥ ಪ್ರಶ್ನೆ ಕೇಳಲು ಒಮ್ಮೆಯಾದರೂ ಕೈಯಾರೆ ಕಂಕುಳ ತಿರುವನ್ನು ಹೆಣೆದಿರಬೇಕು. ಬರಿಗಣ್ಣಿಗೆ ಅದು ಬರಿಯ ಬಲೆಯಾಗಿ ಕಾಣುತ್ತದೆ. ಬಿಕಾನೇರಿನಲ್ಲೂ ನ್ಯೂಯಾರ್ಕಿನಲ್ಲೂ ಇರುವ ಆದವಾನಿಯ ಕವಚಗಳನ್ನು ವಾಪಸು ತರಿಸುವುದು ಕಷ್ಟ. ಅವುಗಳ ಕಟ್ಟಾಣಿಕೆಯನ್ನು ಅಳೆದು, ಅದೇ ಅಳತೆಯಲ್ಲಿ ಹೆಣೆದ ಒಂದು ಅಂಗಿಯನ್ನು ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ಹಂಪಿಯ ಪ್ರವಾಸಿಗೆ ತೋರಿಸುವುದು ಮಾತ್ರ ನಾಲ್ಕಾರು ಜನರ ತಾಳ್ಮೆಗೆ ಎಟುಕುವ ಕೆಲಸ.