ಮೋಸೆಸ್ ಅಜ್ಜಿಯ ಚಿತ್ರಸಂಸಾರ

ದಂಡಕಾರಣ್ಯದಲ್ಲಿ ಅನುಭವಿಸಿದ ದುಃಖಗಳು, ಅಯೋಧ್ಯೆಯ ಚಿತ್ರಭೂಷಿತವಾದ ಮಂದಿರಗಳಲ್ಲಿ ಕುಳಿತು ನೆನೆದಾಗ, ಸೀತಾರಾಮರಿಗೆ ಸುಖಗಳೇ ಆಗಿ ಪರಿಣಮಿಸಿದವೆಂದು ಕಾಳಿದಾಸನು ರಘುವಂಶದ ಹದಿನಾಲ್ಕನೆಯ ಸರ್ಗದಲ್ಲಿ ಹೇಳಿರುವನು. ಭವಭೂತಿಯೂ ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ಇಂಥದೇ ಚಿತ್ರದರ್ಶನವನ್ನು ಯೋಜಿಸಿರುವನು. ಕಳೆದ ಕಷ್ಟವು ಚಿತ್ರದಲ್ಲಿ ಮಧುರವಾಗಿ ತೋರುವದೇಕೆ? ಆ ಮಾಧುರ್ಯವು ಸತ್ಯವೋ, ಕೇವಲ ಭ್ರಮೆಯೋ? ಅಮೇರಿಕೆಯಲ್ಲಿ ಮುಪ್ಪಿನ ಕಾಲಕ್ಕೆ ಕುಂಚವನ್ನು ಹಿಡಿದು ಲೋಕಪ್ರಸಿದ್ಧಿಯನ್ನು ಪಡೆದ ಒಬ್ಬ ರೈತ ಹೆಣ್ಣುಮಗಳ ಚರಿತ್ರೆಯು ಈ ವಿಚಾರಕ್ಕೆ ಒಳ್ಳೆಯ ಉದಾಹರಣೆಯಾಗಿರುವದರಿಂದ ಅದನ್ನು ವಾಚಕರ ಮುಂದೆ ಇಡುತ್ತೇನೆ.

ಈಕೆಯ ಹೆಸರು ಆನ್ನಾ ಮೇರಿ ರಾಬರ್ಟ್‌ಸನ್. 1860ನೆಯ ಇಸವಿಯ ಸಪ್ಟೆಂಬರ 7ರಂದು ನ್ಯೂಯಾರ್ಕ ಸಂಸ್ಥಾನದ ಗ್ರೀನಿಚ್ ಎಂಬ ಊರಲ್ಲಿ, ಹತ್ತು ಮಕ್ಕಳ ಒಕ್ಕಲುತನದ ಮನೆಯಲ್ಲಿ ಜನಿಸಿದಳು. ತಂದೆಯು ಮಕ್ಕಳಿಗೆ ಬಿಳಿಯ ಕಾಗದವನ್ನು ತಂದುಕೊಡುತ್ತಿದ್ದನು. ಬಣ್ಣವಿಲ್ಲದಾಗ ಹುಡುಗಿಯು ದ್ರಾಕ್ಷಿಯ ರಸದಿಂದ ಚಿತ್ರಗಳಿಗೆ ರಂಗು ಕೊಡುತ್ತಿದ್ದಳು. ಈ ವಿನೋದವು ಬಹುಕಾಲ ನಡೆಯಲಿಲ್ಲ. ಹನ್ನೆರಡನೆಯ ವಯಸ್ಸಿಗೆ ಪರರ ಮನೆಯಲ್ಲಿ ಕೂಲಿಗೆ ನಿಂತು, ಹದಿನೈದು ವರ್ಷ ಅಡಿಗೆ, ಒಗೆತ, ಹೊಲಿಗೆಗಳನ್ನು ಮಾಡಿದಳು. 1887ರಲ್ಲಿ ಥಾಮಸ್ ಮೋಸೆಸ್ ಎಂಬವನನ್ನು ಲಗ್ನವಾಗಿ ವರ್ಜಿನಿಯಾ ಪ್ರಾಂತಕ್ಕೆ ಹೋದಳು. ಅಲ್ಲಿ ಬೆಣ್ಣೆಯನ್ನು ಕಡೆದು ಮಾರಿ ಸಂಸಾರಕ್ಕೆ ಆಸರೆಯಾದಳು. ಹೆತ್ತ ಹತ್ತು ಮಕ್ಕಳಲ್ಲಿ ಐವರು ಎಳವೆಯಲ್ಲಿಯೇ ತೀರಿಕೊಂಡರು. 1905ರಲ್ಲಿ ಕುಟುಂಬವು ನ್ಯೂಯಾರ್ಕ ಸಂಸ್ಥಾನದ ಈಗಲ್ ಬ್ರಿಜ್ ಎಂಬ ಹಳ್ಳಿಗೆ ಬಂದು ನೆಲೆಸಿತು. 1927ರಲ್ಲಿ ಪತಿಯು ಗತಿಸಿದನು.

ವೈಧವ್ಯದ ದಿನಗಳಲ್ಲಿ ಆಕೆಯು ಉಣ್ಣೆಯ ದಾರದಿಂದ ಬಟ್ಟೆಯ ಮೇಲೆ ಊರು ಕೇರಿಗಳ ಚಿತ್ರಗಳನ್ನು ಹೊಲಿಯುತ್ತಿದ್ದಳು. ಸಂಧಿವಾತದಿಂದ ಬೆರಳುಗಳು ಸೂಜಿಗೆ ಒಗ್ಗದಂತಾದಾಗ, ಕುಂಚವು ಹಗುರೆಂದು ತಂಗಿಯು ಸೂಚಿಸಿದಳು. ಹೀಗೆ ಎಪ್ಪತ್ತು ದಾಟಿದ ಮೇಲೆ ಆಕೆಯ ಚಿತ್ರಕಲೆಯು ನಿಜವಾಗಿ ಆರಂಭವಾಯಿತು. ಜಾತ್ರೆಯ ಪ್ರದರ್ಶನಕ್ಕೆ ಮೊರಬ್ಬವನ್ನೂ ಚಿತ್ರಗಳನ್ನೂ ಕಳಿಸಿದಾಗ ಮೊರಬ್ಬಕ್ಕೆ ಬಹುಮಾನ ಬಂದಿತು, ಚಿತ್ರಗಳಿಗೆ ಬರಲಿಲ್ಲ!

1938ರಲ್ಲಿ ಹೂಸಿಕ್ ಫಾಲ್ಸ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದ ಆಕೆಯ ಚಿತ್ರಗಳನ್ನು ಲೂಯಿ ಕಾಲ್ಡರ್ ಎಂಬ ಕಲಾಸಂಗ್ರಾಹಕನು ಕಂಡನು. ಬೆಲೆಯು ಮೂರರಿಂದ ಐದು ಡಾಲರು ಮಾತ್ರ. ಎಲ್ಲವನ್ನೂ ಕೊಂಡುಕೊಂಡು, ಬರೆದವರು ಯಾರು, ಮನೆ ಎಲ್ಲಿ ಎಂದು ವಿಚಾರಿಸಿ, ಆತನು ಅಜ್ಜಿಯ ಬಾಗಿಲಿಗೆ ಹೋದನು. ಸೊಸೆಯು ಮನೆಯಲ್ಲಿ ಹತ್ತು ಚಿತ್ರಗಳಿವೆಯೆಂದು ಮಾತು ಕೊಟ್ಟುಬಿಟ್ಟಿದ್ದಳು, ಇದ್ದವು ಒಂಬತ್ತೇ. ಮಾತು ಸುಳ್ಳಾಗಬಾರದೆಂದು ಅಜ್ಜಿಯು ಒಂದು ದೊಡ್ಡ ಚಿತ್ರವನ್ನು ಎರಡಾಗಿ ಕತ್ತರಿಸಿ ಹತ್ತನ್ನು ಪೂರೈಸಿದಳು. ಮರುವರ್ಷ ಆಕೆಯ ಮೂರು ಚಿತ್ರಗಳು ನ್ಯೂಯಾರ್ಕದ ಆಧುನಿಕ ಕಲೆಯ ಸಂಗ್ರಹಾಲಯದಲ್ಲಿ ಪ್ರದರ್ಶಿತವಾದವು. 1940ರ ಅಕ್ಟೋಬರದಲ್ಲಿ, ವಿಯೆನ್ನಾದಿಂದ ವಲಸೆ ಬಂದಿದ್ದ ಆಟೋ ಕಾಲಿರ್ ಎಂಬವನು ತನ್ನ ಚಿತ್ರಶಾಲೆಯಲ್ಲಿ ಆಕೆಯದೇ ಪ್ರದರ್ಶನವನ್ನು ಏರ್ಪಡಿಸಿದನು. ಆಗ ಆಕೆಗೆ 80 ವರ್ಷ. 1949ರಲ್ಲಿ ರಾಷ್ಟ್ರಾಧ್ಯಕ್ಷ ಟ್ರೂಮನ್ನರ ಕೈಯಿಂದ ಪಾರಿತೋಷಕವು ದೊರೆಯಿತು. 1952ರಲ್ಲಿ ಆತ್ಮಚರಿತ್ರೆಯು ಪ್ರಕಟವಾಯಿತು. 1961ರ ಡಿಸೆಂಬರ 13ರಂದು, 101ನೆಯ ವಯಸ್ಸಿನಲ್ಲಿ, ಆಕೆಯು ಕಾಲವಶಳಾದಳು. ಬಿಟ್ಟುಹೋದ ಚಿತ್ರಗಳು 1500ಕ್ಕೂ ಮಿಕ್ಕು.

ಆಕೆಯ ರಚನಾಕ್ರಮವು ಸರಳವಾದುದು. ಹಲಗೆಗೆ ಮೂರು ಸಲ ಬಿಳಿಯ ಬಣ್ಣವನ್ನು ಹಚ್ಚಿ, ಮೊದಲು ಆಕಾಶ, ಬಳಿಕ ಗುಡ್ಡ, ತರುವಾಯ ನೆಲ, ಕೊನೆಗೆ ಮನೆಗಳು, ದನಕರುಗಳು, ಮನುಷ್ಯರು, ಹೀಗೆ ಮೇಲಿನಿಂದ ಕೆಳಗೆ ಇಳಿಯುವದು. ಮೇಪಲ್ ಎಂಬ ಮರದ ರಸವನ್ನು ಹಿಮದ ನಡುವೆ ಕಾಯಿಸಿ ಸಕ್ಕರೆ ಮಾಡುವ ದೃಶ್ಯವು ಆಕೆಗೆ ಬಹು ಪ್ರಿಯ. ನಮ್ಮ ಕಡೆ ಗಾಣದ ಹತ್ತರ ಬೆಲ್ಲದ ಕೊಪ್ಪರಿಗೆಯನ್ನು ಸುತ್ತುವರಿದ ಮಕ್ಕಳನ್ನು ಕಂಡವರಿಗೆ ಆ ಸಂಭ್ರಮವನ್ನು ಬಿಡಿಸಿ ಹೇಳಬೇಕಾಗಿಲ್ಲ. 1943ರಲ್ಲಿ ಬರೆದ ಇಂಥದೊಂದು ಚಿತ್ರವು 2006ರಲ್ಲಿ 12 ಲಕ್ಷ ಡಾಲರುಗಳಿಗೆ ಮೀರಿ ಹರಾಜಾಯಿತು.

ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ, ಆಚಾರ್ಯರು ರೇಖೆಯನ್ನೂ ಸ್ತ್ರೀಯರು ಭೂಷಣವನ್ನೂ ಇತರ ಜನರು ವರ್ಣಸಮೃದ್ಧಿಯನ್ನೂ ಮೆಚ್ಚುವರೆಂದು ಹೇಳಿದೆ. ಮೋಸೆಸ್ ಅಜ್ಜಿಯಲ್ಲಿ ರೇಖಾಶುದ್ಧಿಯು ಕಡಿಮೆ. ಮನುಷ್ಯರು ಗೊಂಬೆಗಳಂತೆ ತೋರುವರು. ಆದುದರಿಂದ ಪಂಡಿತರಲ್ಲಿ ಹಲವರು ಮೂಗು ಮುರಿದರು, ಜನಸಾಮಾನ್ಯರು ಮುಗಿಬಿದ್ದರು. ಆಕ್ಷೇಪವು ಇನ್ನೂ ಒಂದಿದೆ: ಆಕೆಯ ಹಳ್ಳಿಯಲ್ಲಿ ತಂತಿಯ ಕಂಬವಿಲ್ಲ, ಯಂತ್ರವಿಲ್ಲ, ಸತ್ತ ಕೂಸುಗಳಿಲ್ಲ, ಕೂಲಿಯ ಹುಡುಗಿಯ ಕಣ್ಣೀರಿಲ್ಲ. ಇದು ಇತಿಹಾಸವೆಂತಾದೀತು?

ನನ್ನ ಮತದಂತೆ ಈ ಆಕ್ಷೇಪವು ಅರ್ಧಸತ್ಯವು. ಚಿತ್ರಗಳನ್ನು ಸಾವಧಾನವಾಗಿ ನೋಡಿದರೆ ಅಲ್ಲಿ ಬಹುತರ ಎಲ್ಲರೂ ದುಡಿಯುತ್ತಿರುವರು: ಸೇಬುಹಣ್ಣನ್ನು ಕುದಿಸುವರು, ಬಟ್ಟೆ ಒಗೆಯುವರು, ಕಟ್ಟಿಗೆ ತರುವರು. ದುಃಖವನ್ನು ಕಾಣದವಳು ಅದನ್ನು ಬಿಟ್ಟು ಬರೆದಿದ್ದರೆ ಅಜ್ಞಾನವೆನ್ನಬಹುದಾಗಿತ್ತು. ಐದು ಮಕ್ಕಳನ್ನು ಮಣ್ಣಿಗೆ ಒಪ್ಪಿಸಿದವಳು ಬಿಟ್ಟು ಬರೆದರೆ ಅದು ಆಯ್ಕೆ. ಯಾವದು ಉಳಿಯತಕ್ಕದ್ದು ಎಂಬುದನ್ನು ಆಕೆಯು ತಾನೇ ತೀರ್ಮಾನಿಸಿದಳು. ಇತಿಹಾಸಕಾರನು ಆ ಚಿತ್ರಗಳನ್ನು ಆಕೆಯ ಜೀವನದೊಡನೆ ಜೋಡಿಸಿ ಓದಬೇಕು. ಕಾಳಿದಾಸನ ಮಾತಿನ ಅರ್ಥವು ಆಗ ಹೊಳೆಯುವದು.

ಆದರೆ ಹಾಗೆ ಜೋಡಿಸಿ ಓದಲು ಕರ್ತೃವಿನ ಹೆಸರು ತಿಳಿದಿರಬೇಕಲ್ಲವೆ? ಈ ಅಜ್ಜಿಯು 1950ರಲ್ಲಿ, ನೆರೆಹೊರೆಯ ಹೆಂಗಸರು ಕೂಡಿ ಕೌದಿ ಹೊಲಿಯುವ ಚಿತ್ರವೊಂದನ್ನು ಬರೆದಳು. ಕೌದಿಯು ನಮಗೆ ಹೊಸದಲ್ಲ. ಬೆಳಗಾವಿಯ ಹಳೆಯ ಮನೆಗಳಲ್ಲಿ ಸವೆದ ಸೀರೆಗಳ ಪದರಿನಿಂದ ಹೊಲಿದ ಕೌದಿಗಳು ಇನ್ನೂ ಇವೆ. ಖಾನಾಪುರದ ಕಾಡಂಚಿನ ಸಿದ್ದಿ ಹೆಂಗಸರು ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಮೂಲೆಗಳಲ್ಲಿ ಮಡಿಚಿದ ಬಟ್ಟೆಯ ಹೂಗಳನ್ನಿಟ್ಟು ಹೊಲಿಯುವ ಕೌದಿಗಳು ನೋಡತಕ್ಕವು. ಅಜ್ಜಿಯ ಸೀರೆ, ಮಗಳ ಲಂಗ, ಕೂಸಿನ ಅಂಗಿ, ಎಲ್ಲವೂ ಒಂದೇ ಹೊದಿಕೆಯಲ್ಲಿ. ಇದೂ ಒಂದು ಮನೆತನದ ಬಖೈರು. ಅದೇ ಖಾನಾಪುರ ತಾಲೂಕಿನ ಹಲಸಿಯ ತಾಮ್ರಪಟಗಳಿಂದ, ಮೃಗೇಶವರ್ಮನು ಪಲಾಶಿಕೆಯಲ್ಲಿ ತನ್ನ ತಂದೆಯ ನೆನಪಿಗಾಗಿ ಜಿನಾಲಯವನ್ನು ಕಟ್ಟಿಸಿದ ಸಂಗತಿಯು ಸಾವಿರದ ಐನೂರು ವರ್ಷಗಳ ಮೇಲೆಯೂ ನಮಗೆ ತಿಳಿಯುವದು. ಮೂರು ತಲೆಮಾರಿನ ಹಿಂದಿನ ಕೌದಿಯನ್ನು ಹೊಲಿದ ಕೈ ಯಾರದೆಂದರೆ ಮನೆಯವರೇ ಮುಖ ಮುಖ ನೋಡುವರು.

ಮೋಸೆಸ್ ಅಜ್ಜಿಯ ಪ್ರತಿಭೆಯು ಆಕೆಯದೇ ಅಹುದು, ಆದರೂ ಒಬ್ಬ ದಾರಿಹೋಕನು ಅಂಗಡಿಯಲ್ಲಿ ನಿಂತು "ಇದನ್ನು ಬರೆದವರಾರು?" ಎಂದು ಕೇಳಿರದಿದ್ದರೆ ಆ ಹಲಗೆಗಳು ಯಾವದೋ ಅಟ್ಟವನ್ನು ಸೇರುತ್ತಿದ್ದವು. ನಮ್ಮ ಮನೆಗಳಲ್ಲಿ ಆ ಪ್ರಶ್ನೆಯನ್ನು ಕೇಳಲು ಇನ್ನೂ ಸಮಯವಿದೆ. ಕೌದಿಯ ಅಂಚಿಗೆ ಹೊಲಿದವಳ ಹೆಸರನ್ನೂ ಇಸವಿಯನ್ನೂ ಬರೆದ ಒಂದು ಚೀಟಿಯನ್ನು ಹಚ್ಚಿದರೆ ಸಾಕು. ಮುಂದಿನವರಿಗೆ ಅದೇ ತಾಮ್ರಪಟವಾಗುವದು.