ಮಳಗಿಯ ‘ಳ’ ಒಳಗೆ ಕಾಲು ಭಾಗ! ಕೋಡ್‌ನಲ್ಲಿ ಕನ್ನಡ ಬೇಕಾ, ಬೇಡ್ವಾ?

1/5
ಹಳೇ ನುಡಿ ಫೈಲ್ ಒಂದನ್ನ ಫೋನಿನಲ್ಲಿ ಓಪನ್ ಮಾಡಿ ನೋಡ್ರಿ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆ ಮೇಲೆ ಗೀಟಿರೋ ‘ಎ’ಗಳ ಸಂತೆ ಕಾಣ್ತದೆ. ವೈರಸ್ ಅಲ್ರೀ ಅದು, ಇತಿಹಾಸ! ಇದು ಗೊತ್ತಾದ್ರೆ ಇವತ್ತಿನ ಒಂದು ಜಗಳಾನೂ ಅರ್ಥ ಆಗ್ತದೆ: ಸೋರ್ಸ್ ಕೋಡ್‌ನಲ್ಲಿ ಬರೀ ಆಸ್ಕಿ ಅಕ್ಷರಗಳೇ ಇರಬೇಕಾ, ಕನ್ನಡಕ್ಕೂ ಜಾಗ ಇರಬೇಕಾ? 👉

2/5
ಆಸ್ಕಿ ಬಂದದ್ದು 1963ರಲ್ಲಿ, ಅಮೆರಿಕದಲ್ಲಿ. ಒಟ್ಟು 128 ಮನೆ. ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ತುಂಬೋದ್ರೊಳಗೆ ಮನೆ ಖಾಲಿ! ಆಮೇಲೆ ಇನ್ನೊಂದು 128 ಸೇರಿ 256 ಆಯ್ತು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ‘ಇಸ್ಕಿ’ ತಂದು, ಆ ಮೇಲಿನ ಅರ್ಧದಲ್ಲಿ ನಮ್ಮ ಲಿಪಿಗಳಿಗೆ ಜಾಗ ಕೊಡ್ತು. ಆದ್ರೆ ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ಓಡಿದ್ದು ಬೇರೆ ಉಪಾಯ. ಇಂಗ್ಲಿಷ್ ಅಕ್ಷರದ ಮನೆಯೊಳಗೇ ಕನ್ನಡದ ಆಕಾರ ಕೂರಿಸಿದ ಫಾಂಟು.

ನುಡಿಯ ಹಳೇ ಫಾಂಟಿನಲ್ಲಿ ‘ಮಳಗಿ’ ಬರೆದ್ರೆ, ‘ಳ’ ಒಳಗೆ ಕೂತಿರೋದು ಕಾಲು ಭಾಗದ ಚಿಹ್ನೆ. ‘ಗಿ’ ಅಂದ್ರೆ ಇಂಗ್ಲಿಷಿನ ದೊಡ್ಡ ‘ವಿ’. ನಮಗೆ ಊರಿನ ಹೆಸರು, ಕಂಪ್ಯೂಟರಿಗೆ ಕಲಸುಮೇಲೋಗರ!

3/5
ನಷ್ಟ ಏನು? ಫಾಂಟ್ ಇಲ್ಲದ ಕಡೆ ಓದೋಕಾಗಲ್ಲ. ಹುಡುಕಿದ್ರೆ ಸಿಗಲ್ಲ. ಅಕಾರಾದಿ ಜೋಡಿಸಿದ್ರೆ ಎಲ್ಲಾ ಅಡ್ಡಾದಿಡ್ಡಿ.

1991ರಲ್ಲೇ ಬಂದ ಯೂನಿಕೋಡ್ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ 128 ಮನೆಗಳ ಸ್ವಂತ ಓಣಿ ಸಿಕ್ಕಿತು. 1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ರೂಪಿಸಿದ ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಮೊದಲಿನಂತೆ 1 ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ಯಾರೂ ಮನೆ ಖಾಲಿ ಮಾಡಬೇಕಾಗಲಿಲ್ಲ.

4/5
ಈಗ ಕೋಡ್‌ಗೆ ಬರೋಣ. 1995ರ ಜಾವಾ ಶುರುವಿನಿಂದಲೇ ಯೂನಿಕೋಡ್ ಹೆಸರುಗಳಿಗೆ ಒಪ್ಪಿತ್ತು. ಪೈಥಾನ್ ಒಪ್ಪಿದ್ದು 2008ರ ಪೈಥಾನ್ 3ರಲ್ಲಿ. ಕಾಮರ್ಸ್‌ನವರೇ, ಇದನ್ನ ನೋಡ್ರಿ:

ತೆರಿಗೆ = ಬೆಲೆ * ದರ / 100

ಬೆಲೆ, ದರ ಮೊದಲೇ ಕೊಟ್ಟಿದ್ರೆ ಇದು ನಿಜವಾಗ್ಲೂ ಓಡ್ತದೆ!

ಬೇಡ ಅನ್ನೋರ ಮಾತಿನಲ್ಲೂ ಹುರುಳಿದೆ. ಕನ್ನಡ ಬಾರದವರು ಇದನ್ನ ತಿದ್ದೋದು ಹೇಗೆ? ಅನುಸ್ವಾರ, ಕನ್ನಡದ ಸೊನ್ನೆ ಎರಡೂ ಒಂದೇ ಥರ ಕಾಣ್ತವೆ, ಆದ್ರೆ ಸಂಕೇತ ಬೇರೆ. ‘ಸಾಫ್ಟ್‌ವೇರ್’ ಅಂತ ಸರಿಯಾಗಿ ಬರೆಯೋಕೆ ಮಧ್ಯೆ ಕಣ್ಣಿಗೆ ಕಾಣದ ಸಂಕೇತ ಒಂದು ಬೇಕು, ಹೆಸರಿನಲ್ಲಿ ಅದು ಬಂದ್ರೆ ಪೈಥಾನ್ ತಕರಾರು ಮಾಡ್ತದೆ. ಇನ್ನೂ ಗಂಭೀರ ವಿಷಯ: ಅರೇಬಿಕ್, ಹೀಬ್ರೂನಂಥ ಬಲದಿಂದ ಎಡಕ್ಕೆ ಬರೆಯೋ ಲಿಪಿಗಳಿಗಾಗಿ ದಿಕ್ಕು ಬದಲಿಸೋ ಸಂಕೇತಗಳಿವೆ. ಅವನ್ನ ಕಾಮೆಂಟಿನಲ್ಲಿ ಬಚ್ಚಿಟ್ಟು, ಓದೋರಿಗೆ ಒಂದು ತೋರಿಸಿ ಯಂತ್ರಕ್ಕೆ ಇನ್ನೊಂದು ಹೇಳಬಹುದು ಅಂತ 2021ರಲ್ಲಿ ಕೇಂಬ್ರಿಜ್‌ನ ನಿಕೋಲಸ್ ಬೌಚರ್, ರಾಸ್ ಆಂಡರ್ಸನ್ ತೋರಿಸಿದ್ರು. ಅದರ ಹೆಸರು ‘ಟ್ರೋಜನ್ ಸೋರ್ಸ್’.

5/5
ಹಾಗಂತ ಕನ್ನಡಾನೇ ಹೊರಗಿಡಬೇಕಾ? ಇಲಿ ಬಂತು ಅಂತ ಮನೆಗೆ ಬೆಂಕಿ ಹಚ್ಚಿದಂಗಾಯ್ತು. ರಸ್ಟ್ ಕಂಪೈಲರ್, ಗಿಟ್‌ಹಬ್ ಏನು ಮಾಡಿದ್ವು? ಅಂಥ ಸಂಕೇತ ಕಂಡ್ರೆ ಎಚ್ಚರಿಸೋ ಏರ್ಪಾಟು ಮಾಡಿದ್ವು. ಲಿಪಿಗಳನ್ನ ಓಡಿಸಲಿಲ್ಲ.

ನನ್ನ ಮಾತು ಇಷ್ಟೇ. ಜಗತ್ತೆಲ್ಲಾ ಸೇರಿ ಬರೆಯೋ ಕೋಡಿಗೆ ‘ಹೆಸರುಗಳು ಇಂಗ್ಲಿಷಿನಲ್ಲಿರಲಿ’ ಅಂತ ಆ ತಂಡ ನಿಯಮ ಮಾಡ್ಕೊಳ್ಳಲಿ, ಪಾಲುದಾರರು ಒಂದೇ ಭಾಷೇಲಿ ಲೆಕ್ಕ ಇಟ್ಟ ಹಾಗೆ. ಆದ್ರೆ ಆ ನಿಯಮ ಪ್ರೋಗ್ರಾಮಿಂಗ್ ಭಾಷೆಯ ಬಾಗಿಲಿಗೇ ಬೀಗ ಆಗಬಾರದು. ಕನ್ನಡ ಮೀಡಿಯಂ ಹುಡುಗಿಗೆ ‘ಬೆಲೆ’ ಅಂದಾಕ್ಷಣ ಅರ್ಥ ಆಗೋದು, ಸ್ಪೆಲ್ಲಿಂಗ್ ಕಲಿಯೋ ತನಕ ಕಾಯಬೇಕಾ?

ಇವತ್ತೇ ಎರಡು ಕೆಲಸ ಮಾಡ್ರಿ. ಆ ತೆರಿಗೆ ಸಾಲನ್ನ ಲ್ಯಾಬ್‌ನಲ್ಲಿ ಓಡಿಸಿ ನೋಡ್ರಿ. ಮನೇಲಿ ಹಳೇ ನುಡಿ ಫೈಲ್ ಇದ್ರೆ, ಓದಬಲ್ಲ ಕಂಪ್ಯೂಟರ್ ಇರೋವಾಗ್ಲೇ ಯೂನಿಕೋಡ್‌ಗೆ ಬದಲಾಯಿಸಿ ಇಡ್ರಿ. ನೀವು ಯಾವ ಪಕ್ಷ? ಕೆಳಗೆ ಬರೀರಿ 👇

#ಮಳಗಿ #ಮುಂಡಗೋಡ #ಕನ್ನಡಕೋಡ್ #ಇತಿಹಾಸದತುಣುಕು