ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಳ ನೇಮಕಾತಿ

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಳ ಅಧ್ಯಕ್ಷರು ಮತ್ತು ಸದಸ್ಯರನ್ನು ಭಾರತದಲ್ಲಿ ಆಯಾ ರಾಜ್ಯ ಸರ್ಕಾರಗಳು ನಾಮನಿರ್ದೇಶನ ಮಾಡುತ್ತವೆ. ಇದಕ್ಕೆ ಆಧಾರ 1974ರ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆ. ಕಾರ್ಖಾನೆಗಳಿಗೆ ಸಮ್ಮತಿ ನೀಡುವುದು, ನಿರಾಕರಿಸುವುದು, ನಿಯಮ ಮೀರಿದವರ ಮೇಲೆ ಮೊಕದ್ದಮೆ ಹೂಡುವುದು ಈ ಮಂಡಳಿಗಳ ಅಧಿಕಾರದಲ್ಲಿರುವುದರಿಂದ, ಅವುಗಳಲ್ಲಿ ಯಾರು ಕುಳಿತಿದ್ದಾರೆ ಎಂಬುದು ಕೆರೆ, ನದಿಗಳ ಸ್ಥಿತಿಗೆ ನೇರವಾಗಿ ಸಂಬಂಧಿಸಿದ ವಿಷಯವಾಗಿದೆ.

ಕಾಯ್ದೆಯಲ್ಲಿನ ಅರ್ಹತೆ

ಕಾಯ್ದೆಯ 4ನೇ ಪ್ರಕರಣದಂತೆ ಅಧ್ಯಕ್ಷರಾಗುವವರಿಗೆ ಪರಿಸರ ಸಂರಕ್ಷಣೆಯಲ್ಲಿ ವಿಶೇಷ ಜ್ಞಾನ ಅಥವಾ ಪ್ರಾಯೋಗಿಕ ಅನುಭವವಿರಬೇಕು. ಇಲ್ಲವೇ ಅಂತಹ ವಿಷಯಗಳನ್ನು ನಿರ್ವಹಿಸುವ ಸಂಸ್ಥೆಗಳ ಆಡಳಿತದಲ್ಲಿ ಜ್ಞಾನ ಮತ್ತು ಅನುಭವವಿರಬೇಕು. ಅಧ್ಯಕ್ಷ ಹುದ್ದೆ ಪೂರ್ಣಾವಧಿಯದೋ ಅರೆಕಾಲಿಕವೋ ಎಂಬುದು ಸರ್ಕಾರಕ್ಕೆ ಬಿಟ್ಟದ್ದು. ಸದಸ್ಯ ಕಾರ್ಯದರ್ಶಿ ಮಾತ್ರ ಪೂರ್ಣಾವಧಿಯವರಾಗಿದ್ದು, ಮಾಲಿನ್ಯ ನಿಯಂತ್ರಣದ ವೈಜ್ಞಾನಿಕ, ತಾಂತ್ರಿಕ ಅಥವಾ ನಿರ್ವಹಣಾ ವಿಷಯಗಳನ್ನು ಬಲ್ಲವರಾಗಿರಬೇಕು. ಉಳಿದ ಸ್ಥಾನಗಳು ಅಧಿಕಾರಿಗಳಿಗೆ, ಸ್ಥಳೀಯ ಸಂಸ್ಥೆಗಳ ಸದಸ್ಯರಿಗೆ, ಕೃಷಿ, ಮೀನುಗಾರಿಕೆ, ಕೈಗಾರಿಕೆ ಮುಂತಾದ ಹಿತಾಸಕ್ತಿಗಳ ಪ್ರತಿನಿಧಿಗಳಿಗೆ ಮತ್ತು ಸರ್ಕಾರಿ ಸ್ವಾಮ್ಯದ ನಿಗಮಗಳಿಗೆ ಮೀಸಲು.

ಅರ್ಹತೆಯನ್ನು ಹೇಳಿದ ಕಾಯ್ದೆ ಆಯ್ಕೆಯ ವಿಧಾನವನ್ನು ಹೇಳಲಿಲ್ಲ. ಜಾಹೀರಾತು, ಶೋಧನಾ ಸಮಿತಿ, ಆಯ್ಕೆಗೆ ಲಿಖಿತ ಕಾರಣ – ಇವು ಯಾವುವೂ ಅದರಲ್ಲಿ ಕಡ್ಡಾಯವಲ್ಲ. 'ಪ್ರಾಯೋಗಿಕ ಅನುಭವ' ಎಂಬ ಮಾತೂ ಸಡಿಲವಾದದ್ದೇ. ಹೀಗಾಗಿ ನಿಗಮ-ಮಂಡಳಿಗಳ ಹಂಚಿಕೆಯಲ್ಲಿ ರಾಜಕಾರಣಿಗಳೂ ನಿವೃತ್ತ ಅಧಿಕಾರಿಗಳೂ ಈ ಪೀಠಕ್ಕೆ ಬರಲು ದಾರಿ ತೆರೆದೇ ಇತ್ತು. ಮೂರು ವರ್ಷಗಳ ಅವಧಿ ಮುಗಿಯುವ ಮೊದಲೇ, ಕಾರಣ ಕೇಳಿ ಸದಸ್ಯರನ್ನು ತೆಗೆಯುವ ಅಧಿಕಾರವೂ ಸರ್ಕಾರಕ್ಕಿದೆ. ಸ್ವತಂತ್ರ ನಿರ್ಧಾರಕ್ಕೆ ಇದು ಅರ್ಹತೆಯ ಕೊರತೆಗಿಂತ ಕಡಿಮೆ ತೊಡಕೇನಲ್ಲ.

ನ್ಯಾಯಾಲಯದ ತೀರ್ಪುಗಳು

ಉತ್ತರಾಖಂಡದ ಮಂಡಳಿಯ ರಚನೆಯನ್ನು ಪ್ರಶ್ನಿಸಿದ ಅರ್ಜಿಯೊಂದರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಆಗಸ್ಟ್ 24ರಂದು ವಿವರವಾದ ಮಾರ್ಗಸೂಚಿಗಳನ್ನು ನೀಡಿ, ನೇಮಕಾತಿಗಳನ್ನು ಮರುಪರಿಶೀಲಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಅರುಣಾಚಲ ಪ್ರದೇಶ ಮಂಡಳಿಯ ಅಧ್ಯಕ್ಷರ ಮೇಲ್ಮನವಿಯ ಮೇಲೆ (ಟೆಚಿ ಟಾಗಿ ತಾರಾ ಪ್ರಕರಣ) ನ್ಯಾಯಮೂರ್ತಿಗಳಾದ ಮದನ್ ಬಿ. ಲೋಕೂರ್ ಮತ್ತು ದೀಪಕ್ ಗುಪ್ತಾ ಅವರ ಪೀಠವು 2017ರ ಸೆಪ್ಟೆಂಬರ್ 22ರಂದು ಈ ಆದೇಶವನ್ನು ರದ್ದುಪಡಿಸಿತು. ನ್ಯಾಯಮಂಡಳಿ ತನ್ನ ಅಧಿಕಾರವ್ಯಾಪ್ತಿ ಮೀರಿದೆ ಎಂಬುದೇ ಅದಕ್ಕೆ ಕಾರಣ. ಅದರ ಕಳವಳವನ್ನು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಲಿಲ್ಲ. ಆರು ತಿಂಗಳೊಳಗೆ ನೇಮಕಾತಿ ನಿಯಮಗಳನ್ನು ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಅರ್ಹತೆಯಿಲ್ಲದವರು ನೇಮಕಗೊಂಡರೆ ಸಾರ್ವಜನಿಕರು ಉಚ್ಚ ನ್ಯಾಯಾಲಯದಲ್ಲಿ ಕೋ ವಾರಂಟೊ ರಿಟ್ ಕೋರಬಹುದೆಂದೂ ಸ್ಪಷ್ಟಪಡಿಸಿತು. ಹುದ್ದೆಯಲ್ಲಿರುವವರು ಯಾವ ಅಧಿಕಾರದಿಂದ ಅಲ್ಲಿದ್ದಾರೆಂದು ಪ್ರಶ್ನಿಸುವ ರಿಟ್ ಇದು.

ಕರ್ನಾಟಕ ಮತ್ತು 2024ರ ತಿದ್ದುಪಡಿ

ಕರ್ನಾಟಕದ ಮಂಡಳಿಯು 1974ರ ಸೆಪ್ಟೆಂಬರ್ 21ರಂದು ಇದೇ ಕಾಯ್ದೆಯಡಿ ಸ್ಥಾಪನೆಯಾಯಿತು. ಮೇಲಿನ ನಿರ್ದೇಶನ ಅದಕ್ಕೂ ಅನ್ವಯಿಸುತ್ತದೆ. ಸಂಸತ್ತು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಅಧ್ಯಕ್ಷರ ನಾಮನಿರ್ದೇಶನದ ವಿಧಾನವನ್ನು ನಿಗದಿಪಡಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿತು. ಮೊದಲಿಗೆ ಇದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಮಾತ್ರ ಅನ್ವಯವಾಯಿತು. ಇತರ ರಾಜ್ಯಗಳು ವಿಧಾನಮಂಡಲದ ನಿರ್ಣಯದ ಮೂಲಕ ಇದನ್ನು ಅಂಗೀಕರಿಸಬಹುದು.